ಪರದೆಯ ಬೆನ್ನಿನಲ್ಲಿ ಅಡಗಿದ ಡಿಸ್ಕ್: ಆಲ್-ಇನ್-ಒನ್ ಕಂಪ್ಯೂಟರ್ ಕುರಿತು ಓದುಗರ ಪ್ರಶ್ನೆಗಳು

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಆಲ್-ಇನ್-ಒನ್ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬದಲಿಸುವ ವಿಚಾರವೇ ಹೆಚ್ಚು. ಪರದೆ, ಮದರ್‌ಬೋರ್ಡ್, ಡಿಸ್ಕ್ ಎಲ್ಲವನ್ನೂ ಒಂದೇ ಚೌಕಟ್ಟಿನೊಳಗೆ ಅಡಗಿಸಿಟ್ಟಿರುವ ಈ ಯಂತ್ರಗಳು ಮೇಜಿನ ಮೇಲೆ ನೋಡಲು ಚೆಂದ. ಆದರೆ ಪಕ್ಕದ ಎರಡು ಸ್ಕ್ರೂ ಬಿಚ್ಚಿದರೆ ಒಳಗಿನದೆಲ್ಲ ಕೈಗೆ ಸಿಗುತ್ತಿದ್ದ ಹಳೆಯ ಸಿಪಿಯು ಪೆಟ್ಟಿಗೆಯ ಅನುಕೂಲ ಇವುಗಳಲ್ಲಿ ಇಲ್ಲ. ಹಾಗಾಗಿ ಈ ಸಂಚಿಕೆಯನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿರುವಲ್ಲಿ ಒಬ್ಬರ ಪತ್ರವನ್ನಷ್ಟೇ ಚಿಕ್ಕದಾಗಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಆಲ್-ಇನ್-ಒನ್ ಅನ್ನು 2019ರಲ್ಲಿ ಕೊಂಡೆವು. ಎಂಟನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಈಗ ಸ್ವಿಚ್ ಹಾಕಿ, ಕಾಫಿ ಕುಡಿದು ಬಂದರೂ ಪೂರ್ತಿ ಶುರುವಾಗಿರುವುದಿಲ್ಲ. ಅಂಗಡಿಯವರು ‘ಇದರ ಕಾಲ ಮುಗಿಯಿತು ಮೇಷ್ಟ್ರೇ, ಹೊಸದು ತೆಗೆದುಕೊಳ್ಳಿ’ ಎನ್ನುತ್ತಾರೆ. ಡಿಸ್ಕ್ ಒಂದನ್ನೇ ಬದಲಿಸಿದರೆ ಸಾಲದೇ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಸಾಕು. ಜೊತೆಗೆ ರ‍್ಯಾಮನ್ನೂ 8 ಜಿಬಿಗೆ ಏರಿಸಿದರೆ ಯಂತ್ರ ಇನ್ನೂ ಕೆಲವು ವರ್ಷ ನೆಮ್ಮದಿಯಿಂದ ನಡೆಯುತ್ತದೆ. ಅಂಗಡಿಯವರ ಮಾತಿಗೆ ತಲೆಯಾಡಿಸುವ ಮೊದಲು ನೀವೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಕಂಪ್ಯೂಟರ್ ಶುರುವಾಗಿ ಎಳೆದಾಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಪ್ರೊಸೆಸರಿನ ಅಂಕಿ 20, 30ರ ಆಸುಪಾಸಿನಲ್ಲಿ ಆರಾಮವಾಗಿದ್ದು, ಡಿಸ್ಕಿನ ಅಂಕಿ ಮಾತ್ರ 100ಕ್ಕೆ ಅಂಟಿಕೊಂಡು ಇಳಿಯದೆ ನಿಂತಿದ್ದರೆ ತಪ್ಪು ಯಾರದೆಂಬುದು ಗೊತ್ತಾದಂತೆಯೇ. ಕೆಲಸ ಮಾಡಬೇಕಾದ ಪ್ರೊಸೆಸರ್ ಸಾಮಾನು ಬರಲಿ ಎಂದು ಕೈಕಟ್ಟಿ ಕುಳಿತಿದೆ ಎಂದು ಅದರ ಅರ್ಥ.

ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಲ್-ಇನ್-ಒನ್‌ಗಳಲ್ಲಿ ಜಾಗ ಉಳಿಸಲೆಂದು ಬಹಳಷ್ಟು ಕಂಪನಿಗಳು ಲ್ಯಾಪ್‌ಟಾಪಿನ 2.5 ಇಂಚಿನ ಹಾರ್ಡ್ ಡಿಸ್ಕನ್ನೇ ಹಾಕುತ್ತವೆ. ಅದರ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ತಟ್ಟೆಯ ಯಾವ ಮೂಲೆಯಲ್ಲಿದೆಯೋ ಅಲ್ಲಿಗೆ ಓದುವ ತೋಳು ಸರಿಯಬೇಕು, ಆಮೇಲೆ ಆ ಜಾಗ ತಿರುಗಿ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಹೀಗಾಗಿ ಚದುರಿದ ಕಡತಗಳನ್ನು ಹುಡುಕಿ ಕೊಡುವ ಕೆಲಸವನ್ನು ಇಂಥ ಡಿಸ್ಕ್ ಸೆಕೆಂಡಿಗೆ ನೂರು ಬಾರಿಯೂ ಮಾಡಲಾರದು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಒಬ್ಬನೇ ಗುಮಾಸ್ತನಿದ್ದು, ಹೊರಗೆ ಇನ್ನೂರು ಜನ ಪಹಣಿಗಾಗಿ ಸಾಲು ನಿಂತ ಹಾಗೆ. ವಿಂಡೋಸ್ ಶುರುವಾಗುವಾಗ ಬೇಡುವುದು ಸಾವಿರಾರು ಚಿಕ್ಕಚಿಕ್ಕ ಕಡತಗಳನ್ನು, ಅದೂ ಒಂದೊಂದು ಒಂದೊಂದು ಮೂಲೆಯಿಂದ. ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತೋಳೂ ಇಲ್ಲ. ಹಾರ್ಡ್ ಡಿಸ್ಕಿನದೇ ಸಾಟಾ ಜೋಡಣೆ ಇರುವ ಸಾಧಾರಣ ಎಸ್‌ಎಸ್‌ಡಿಯೂ ಇಂಥ ಬೇಡಿಕೆಗಳನ್ನು ಸೆಕೆಂಡಿಗೆ ಹತ್ತಾರು ಸಾವಿರ ಪೂರೈಸುತ್ತದೆ. ನಿಮಿಷಗಳ ಕಾಯುವಿಕೆ ಸೆಕೆಂಡುಗಳಿಗೆ ಇಳಿಯುವುದು ಈ ಕಾರಣಕ್ಕೆ. ನೆಟ್ಟಗೆ ಒಂದೇ ದೊಡ್ಡ ಕಡತವನ್ನು ಓದುವ ವೇಗದಲ್ಲಿ ಹಳೆಯ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ, ಸಾಟಾ ಎಸ್‌ಎಸ್‌ಡಿ 550 ಎಂಬಿ, ಇನ್ನೂ ವೇಗದ ಎನ್‌ವಿಎಂಇ ಜಾತಿಯ ಮೂರನೇ ತಲೆಮಾರಿನ ಎಸ್‌ಎಸ್‌ಡಿ 3500 ಎಂಬಿವರೆಗೆ ಹೋಗುತ್ತವೆ. ಆದರೆ ಪತ್ರ ಬರೆಯುವ, ಪಾಠದ ಟಿಪ್ಪಣಿ ಮಾಡುವ, ವಿಡಿಯೊ ನೋಡುವ ಬಳಕೆಯಲ್ಲಿ ಮೊದಲ ಜಿಗಿತ ಕಣ್ಣಿಗೆ ಹೊಡೆಯುವಷ್ಟು ಎರಡನೆಯದು ಕಾಣುವುದಿಲ್ಲ. ಆದ್ದರಿಂದ ಎನ್‌ವಿಎಂಇ ಸ್ಲಾಟ್ ಇಲ್ಲವೆಂದು ಕೊರಗಬೇಡಿ. ಹಳೆಯ ಡಿಸ್ಕಿನ ಜಾಗದಲ್ಲೇ ಕೂರುವ 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ನಿಮಗೆ ಧಾರಾಳವಾಯಿತು. ನಿಮ್ಮ ಸಾಮಾನು ಈಗ 300 ಜಿಬಿಯೊಳಗಿದ್ದರೆ 500 ಜಿಬಿಯದೇ ಸಾಕು.

ಬಿಚ್ಚುವ ವಿಷಯ. ಕೈ ಹಾಕುವ ಮೊದಲು ನಿಮ್ಮ ಮಾದರಿಯ ಪೂರ್ಣ ಸಂಖ್ಯೆಯನ್ನು ಹಿಂಬದಿಯ ಚೀಟಿಯಿಂದ ಬರೆದುಕೊಂಡು, ಕಂಪನಿಯ ಸರ್ವಿಸ್ ಕೈಪಿಡಿಯನ್ನು ಇಳಿಸಿಕೊಳ್ಳಿ. ಎಚ್‌ಪಿ, ಡೆಲ್, ಲೆನೊವೊ ಮೂರೂ ಕಂಪನಿಗಳು ರಿಪೇರಿಯವರಿಗಾಗಿ ಬರೆದ ಈ ಕೈಪಿಡಿಗಳನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿಯೇ ಇಟ್ಟಿವೆ. ಯಾವ ಸ್ಕ್ರೂ ಮೊದಲು, ಯಾವ ಕೇಬಲ್ ಎಲ್ಲಿ ಎಂಬುದೆಲ್ಲ ಚಿತ್ರಸಮೇತ ಅದರಲ್ಲಿರುತ್ತದೆ. ಯಂತ್ರದ ಪ್ಲಗ್ ಕಿತ್ತು, ಪವರ್ ಬಟನನ್ನು ಹತ್ತು ಹದಿನೈದು ಸೆಕೆಂಡು ಒತ್ತಿಹಿಡಿದು, ಮೆತ್ತನೆಯ ಕಂಬಳಿಯ ಮೇಲೆ ಪರದೆ ಕೆಳಮುಖವಾಗುವಂತೆ ಮಲಗಿಸಬೇಕು. ಸ್ಟ್ಯಾಂಡ್ ತೆಗೆದ ಮೇಲೆ ಹಿಂಬದಿಯ ಮುಚ್ಚಳ ಬಹುಪಾಲು ಯಂತ್ರಗಳಲ್ಲಿ ಪ್ಲಾಸ್ಟಿಕ್ ಕ್ಲಿಪ್‌ಗಳ ಹಿಡಿತದಲ್ಲಿರುತ್ತದೆ. ಅವುಗಳನ್ನು ಲೋಹದ ಸ್ಕ್ರೂಡ್ರೈವರಿನಿಂದ ಮೀಟದೆ, ಬಳಕೆ ಮುಗಿದ ಪ್ಲಾಸ್ಟಿಕ್ ಕಾರ್ಡಿನಿಂದ ಅಂಚಿನುದ್ದಕ್ಕೂ ಒಂದೊಂದಾಗಿ ಬಿಡಿಸಿ.

ಕ್ಲಿಪ್‌ಗಳೆಲ್ಲ ಬಿಟ್ಟುಕೊಂಡವು ಎಂಬ ಖುಷಿಯಲ್ಲಿ ಮುಚ್ಚಳವನ್ನು ಒಮ್ಮೆಲೇ ಎತ್ತಬೇಡಿ. ಇದನ್ನು ನಾನು ಸ್ವಂತ ದುಡ್ಡು ಕೊಟ್ಟು ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ನೆಂಟರೊಬ್ಬರ ಯಂತ್ರ ಬಿಚ್ಚುವಾಗ, ಮುಚ್ಚಳಕ್ಕೆ ಅಂಟಿದ್ದ ಸ್ಪೀಕರಿನ ತೆಳು ತಂತಿ ಇನ್ನೂ ಬೋರ್ಡಿಗೆ ಸಿಕ್ಕಿಕೊಂಡಿದ್ದುದು ನನಗೆ ಕಾಣಲಿಲ್ಲ. ಎತ್ತಿದ ರಭಸಕ್ಕೆ ತಂತಿ ತುಂಡಾಗದೆ, ಅಕ್ಕಿಕಾಳಿನಷ್ಟಿದ್ದ ಬಿಳಿ ಕನೆಕ್ಟರೇ ಬೋರ್ಡಿನಿಂದ ಕಿತ್ತು ಬಂದು ತಂತಿಯ ತುದಿಯಲ್ಲಿ ನೇತಾಡಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಭೂತಗನ್ನಡಿಯ ಕೆಳಗೆ ಬೆಸುಗೆ ಹಾಕಿಸಿಕೊಂಡು ಬರಲು ನನ್ನ ಒಂದು ಶನಿವಾರ ಪೂರ್ತಿ ಹೋಯಿತು. ಮುಚ್ಚಳವನ್ನು ಎರಡು ಬೆರಳಗಲ ಎತ್ತಿ, ಮೊಬೈಲಿನ ಟಾರ್ಚ್ ಹಾಕಿ ಒಳಗೆ ಇಣುಕಿ, ತಂತಿಗಳೇನಾದರೂ ಇವೆಯೇ ಎಂದು ನೋಡಿಯೇ ಮುಂದುವರಿಯಿರಿ. ಕೈಯಲ್ಲಿ ಆಗದೆನಿಸಿದರೆ ಅದೇ ಕೈಪಿಡಿಯನ್ನು ಮುದ್ರಿಸಿಕೊಂಡು ಹೋಗಿ ರಿಪೇರಿಯವರ ಕೈಗೆ ಕೊಡುವುದರಲ್ಲಿ ಅವಮಾನವೇನೂ ಇಲ್ಲ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು ಎಂಟನೇ ತಲೆಮಾರಿನ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11ಕ್ಕೆ ಅರ್ಹವಾಗುತ್ತದೆ. ‘ಟಿಪಿಎಂ ಇಲ್ಲ’ ಎಂಬ ಸಂದೇಶ ಬಂದರೆ ಗಾಬರಿಯಾಗಬೇಡಿ, ವಿಂಡೋಸ್ 11 ಕೇಳುವ ಈ ಭದ್ರತಾ ಅಂಗ ಅನೇಕ ಯಂತ್ರಗಳಲ್ಲಿ ಇದ್ದೂ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ) ಆಫ್ ಆಗಿರುತ್ತದೆ. ಏಳನೇ ತಲೆಮಾರು ಅಥವಾ ಅದಕ್ಕಿಂತ ಹಳೆಯ ಇಂಟೆಲ್ ಪ್ರೊಸೆಸರ್ ಇರುವ ಬೇರೆ ಓದುಗರು ಮಾತ್ರ, ಡಿಸ್ಕಿಗೆ ಹಣ ಹಾಕುವ ಮೊದಲು ಈ ಅಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಂಥ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ನಡೆಸುವುದು ನನ್ನ ಆಯ್ಕೆ.

ಪ್ರಶ್ನೆ: ನಮ್ಮದು ಚಿಕ್ಕ ಡಿಟಿಪಿ ಕೇಂದ್ರ. ಆಲ್-ಇನ್-ಒನ್ ಬಿಚ್ಚಿದಾಗ ಒಳಗೆ ಎಂ.2 ಸ್ಲಾಟ್ ಖಾಲಿ ಇರುವುದು ಕಂಡಿತು. ಅಂಗಡಿಯಲ್ಲಿ ‘ಎಂ.2 ಎಸ್‌ಎಸ್‌ಡಿ ಕೊಡಿ’ ಎಂದು ಕೇಳಿ ತಂದೆ. ಸ್ಲಾಟಿನಲ್ಲಿ ಅಚ್ಚುಕಟ್ಟಾಗಿ ಕೂತಿತು, ಸ್ಕ್ರೂ ಕೂಡ ಹಾಕಿದ್ದಾಯಿತು. ಆದರೆ ಎಲ್ಲಿಯೂ ಕಾಣಿಸುತ್ತಿಲ್ಲ. ಎಸ್‌ಎಸ್‌ಡಿ ಹಾಳಾಗಿದೆಯೇ? ಅದರ ತುದಿಯಲ್ಲಿ ಎರಡು ಕಚ್ಚುಗಳಿವೆ.
– ಡಿಟಿಪಿ ನಡೆಸುವವರು, ದಾವಣಗೆರೆ

ಉತ್ತರ: ‘ಎಲ್ಲಿಯೂ’ ಎಂದರೆ ಎಲ್ಲಿ ಎಂಬುದು ಇಲ್ಲಿ ಮುಖ್ಯ. ಹೊಸ ಡಿಸ್ಕ್ ಬಯಾಸ್‌ನಲ್ಲಿ ಕಾಣುತ್ತಿದ್ದು ವಿಂಡೋಸ್‌ನ ‘ದಿಸ್ ಪಿಸಿ’ಯಲ್ಲಿ ಮಾತ್ರ ಕಾಣದಿದ್ದರೆ ಅದು ದೋಷವೇ ಅಲ್ಲ. ಖಾಲಿ ಡಿಸ್ಕಿಗೆ ಇನ್ನೂ ಸಿ, ಡಿ ಎಂಬಂಥ ಡ್ರೈವ್ ಅಕ್ಷರ ಕೊಟ್ಟಿರುವುದಿಲ್ಲ, ಅಷ್ಟೇ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ, ಡಿಸ್ಕಿನ ವಿಭಾಗಪಟ್ಟಿಯ ಬಗೆಯಾಗಿ ಜಿಪಿಟಿ ಆಯ್ಕೆ ಮಾಡಿ ಇನಿಶಿಯಲೈಸ್ ಮಾಡಿ, ಫಾರ್ಮ್ಯಾಟ್ ಮಾಡಿದರೆ ಬರುತ್ತದೆ. ಬಯಾಸ್‌ನಲ್ಲೂ ಕಾಣದಿದ್ದರೆ, ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಉತ್ತರವಿದೆ.

ಎಂ.2 ಎನ್ನುವುದು ಆಕಾರದ ಹೆಸರೇ ಹೊರತು ಭಾಷೆಯ ಹೆಸರಲ್ಲ. ನೀವು ತಂದ ಬಳಪದಂಥ ಪಟ್ಟಿಯ ಅಳತೆ 2280 ಇರಬೇಕು, ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಅದೇ ಅಳತೆಯಲ್ಲಿ ಎರಡು ಜಾತಿಯ ಎಸ್‌ಎಸ್‌ಡಿಗಳು ಬರುತ್ತವೆ. ಒಂದು ಹಳೆಯ ಸಾಟಾ ಭಾಷೆಯಲ್ಲಿ ಮಾತನಾಡುವುದು, ಇನ್ನೊಂದು ಪಿಸಿಐಇ ಹಾದಿಯಲ್ಲಿ ಎನ್‌ವಿಎಂಇ ಭಾಷೆಯಲ್ಲಿ ಮಾತನಾಡುವುದು. ತುದಿಯಲ್ಲಿ ಎರಡು ಕಚ್ಚುಗಳಿರುವುದು ಬಹುಮಟ್ಟಿಗೆ ಸಾಟಾ, ಒಂದೇ ಕಚ್ಚು ಇರುವುದು ಬಹುಮಟ್ಟಿಗೆ ಎನ್‌ವಿಎಂಇ. ಎರಡು ಕಚ್ಚಿನ ಪಟ್ಟಿಯನ್ನು ಎರಡೂ ಬಗೆಯ ಸ್ಲಾಟಿನಲ್ಲಿ ಕೂರುವಂತೆಯೇ ಮಾಡಿರುವುದರಿಂದ ನಿಮ್ಮದು ಸಲೀಸಾಗಿ ಕೂತಿದೆ. ಆದರೆ ಆ ಸ್ಲಾಟಿಗೆ ಎನ್‌ವಿಎಂಇ ಒಂದೇ ಗೊತ್ತಿದ್ದರೆ ಇಬ್ಬರ ನಡುವೆ ಮಾತೇ ಶುರುವಾಗುವುದಿಲ್ಲ. ಎಸ್‌ಎಸ್‌ಡಿ ಕೆಟ್ಟಿಲ್ಲ, ಜೋಡಿ ತಪ್ಪಿದೆ. ಪಟ್ಟಿಯ ಮೇಲಿನ ಚೀಟಿಯನ್ನು ಓದಿ ಖಚಿತಪಡಿಸಿಕೊಂಡು, ಸರ್ವಿಸ್ ಕೈಪಿಡಿಯಲ್ಲಿ ನಿಮ್ಮ ಸ್ಲಾಟಿನ ಜಾತಿ ಯಾವುದೆಂದು ನೋಡಿ, ಬಿಲ್ ಸಮೇತ ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ. ವೈ-ಫೈ ಕಾರ್ಡ್ ಕೂರುವ ಚಿಕ್ಕ ಸ್ಲಾಟೂ ಎಂ.2 ಬಳಗದ್ದೇ. ಅದು ಡಿಸ್ಕಿಗಾಗಿ ಇರುವುದಲ್ಲ.

ನಿಮ್ಮದೇ ಊರಿನ ಇನ್ನೊಬ್ಬರು ಸ್ಲಾಟಿನಲ್ಲಿ ಆಗಲೇ 16 ಜಿಬಿಯ ಪಟ್ಟಿಯೊಂದು ಇದೆ, ಕಿತ್ತು ಹಾಕಬಹುದೇ ಎಂದು ಕೇಳಿದ್ದಾರೆ. ಅದು ಇಂಟೆಲ್ ಆಪ್ಟೇನ್ ಮೆಮೊರಿ ಇರಬೇಕು. ನಿಧಾನವಾದ ಹಾರ್ಡ್ ಡಿಸ್ಕಿಗೆ ಊರುಗೋಲಾಗಿ 2017ರ ನಂತರದ ಕೆಲವು ಯಂತ್ರಗಳಲ್ಲಿ ಅದನ್ನು ಕೊಡುತ್ತಿದ್ದರು. ಅದು ಮತ್ತು ಹಾರ್ಡ್ ಡಿಸ್ಕ್ ಸೇರಿ ಒಂದೇ ಡಿಸ್ಕಿನಂತೆ ವರ್ತಿಸುವುದರಿಂದ, ಇಂಟೆಲ್‌ನ ತಂತ್ರಾಂಶದಲ್ಲಿ ಮೊದಲು ಆಪ್ಟೇನ್ ಅನ್ನು ನಿಷ್ಕ್ರಿಯಗೊಳಿಸಿ, ಯಂತ್ರವನ್ನು ಒಮ್ಮೆ ಮರಳಿ ಚಾಲೂ ಮಾಡಿದ ಮೇಲಷ್ಟೇ ಕೀಳಬೇಕು. ಹಾಗೆಯೇ ಕಿತ್ತರೆ ವಿಂಡೋಸ್ ಏಳದೇ ಹೋಗಬಹುದು.

ಡಿಟಿಪಿಯವರಿಗೆ ಒಂದು ವಿಶೇಷ ಸೂಚನೆ ಕೊಡದಿದ್ದರೆ ತಪ್ಪಾಗುತ್ತದೆ. ಹೊಸ ಡಿಸ್ಕಿನಲ್ಲಿ ವಿಂಡೋಸನ್ನು ಹೊಸದಾಗಿ ಹಾಕಿದಾಗ ನೀವು ನಕಲು ಮಾಡಿಟ್ಟುಕೊಂಡ ಕಡತಗಳೆಲ್ಲ ಬರುತ್ತವೆ, ಫಾಂಟುಗಳು ಬರುವುದಿಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಮಾಡಿದ ಲಗ್ನಪತ್ರಿಕೆ, ಕರಪತ್ರಗಳೆಲ್ಲ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತವೆ. ಮದುವೆ ಸೀಸನ್ನಿನ ನಡುವೆ ಇದಾದರೆ ಗಿರಾಕಿಗೆ ಉತ್ತರ ಹೇಳುವುದು ಕಷ್ಟ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿಯಾಗಿ ಒಂದು ಪೆನ್ ಡ್ರೈವಿಗೆ ನಕಲು ಮಾಡಿಟ್ಟುಕೊಂಡ ಮೇಲೆಯೇ ಹಳೆಯ ಡಿಸ್ಕಿಗೆ ಕೈ ಹಾಕಿ.

ಪ್ರಶ್ನೆ: ನಾನು ಛಾಯಾಗ್ರಾಹಕ. 2017ರ 21.5 ಇಂಚಿನ ಐಮ್ಯಾಕ್ ಬಳಸುತ್ತಿದ್ದೇನೆ. ಒಳಗಿರುವುದು 1 ಟಿಬಿ ಹಾರ್ಡ್ ಡಿಸ್ಕ್. ಹತ್ತು ಫೋಟೊ ತೆರೆಯುವಷ್ಟರಲ್ಲಿ ಚಕ್ರ ತಿರುಗತೊಡಗುತ್ತದೆ. ಗಾಜನ್ನು ಬಿಡಿಸಿ ಎಸ್‌ಎಸ್‌ಡಿ ಹಾಕುತ್ತೇವೆ ಎಂದು ಒಬ್ಬರು ಹೇಳುತ್ತಾರೆ, ಗಾಜು ಒಡೆದರೆ ಜವಾಬ್ದಾರಿ ನಿಮ್ಮದೇ ಎಂದೂ ಹೇಳುತ್ತಾರೆ. ಏನು ಮಾಡಲಿ?
– ಛಾಯಾಗ್ರಾಹಕರು, ಮೈಸೂರು

ಉತ್ತರ: ಗಾಜನ್ನು ಮುಟ್ಟಬೇಡಿ. ನಿಮ್ಮ ಯಂತ್ರಕ್ಕೆ ಅದರ ಅಗತ್ಯವೇ ಇಲ್ಲ.

ಐಮ್ಯಾಕ್ ವಿಷಯದಲ್ಲಿ ಇಸವಿ ಗೊತ್ತಿಲ್ಲದೆ ಯಾರಿಗೂ ಸಲಹೆ ಕೊಡಲಾಗದು. 2009ರಿಂದ 2011ರವರೆಗಿನ ಅಲ್ಯೂಮಿನಿಯಂ ಐಮ್ಯಾಕ್‌ಗಳಲ್ಲಿ ಮುಂದಿನ ಗಾಜನ್ನು ಅಯಸ್ಕಾಂತಗಳು ಹಿಡಿದಿರುತ್ತಿದ್ದವು. ಎರಡು ರಬ್ಬರ್ ಹೀರುಬಟ್ಟಲುಗಳಿದ್ದರೆ ಗಾಜು ಬಾಗಿಲಿನಂತೆ ಎದ್ದು ಬರುತ್ತಿತ್ತು. ಆ ಕಾಲದ ಯಂತ್ರಗಳ ತೊಡಕು ಬೇರೆ: ಡಿಸ್ಕಿನ ಬಿಸಿಯನ್ನು ಅಳೆಯುವ ಆ್ಯಪಲ್‌ನದೇ ಏರ್ಪಾಡು ಇದ್ದು, ಹೊರಗಿನ ಡಿಸ್ಕ್ ಹಾಕಿದರೆ ಯಂತ್ರಕ್ಕೆ ಬಿಸಿಯ ಸುದ್ದಿ ತಲುಪದೆ ಫ್ಯಾನ್ ಅಕ್ಕಿ ಗಿರಣಿಯಂತೆ ಸದ್ದು ಮಾಡುತ್ತಿತ್ತು. 2012ರ ಕೊನೆಯಲ್ಲಿ ಅಂಚು ತೆಳುವಾದ ಹೊಸ ವಿನ್ಯಾಸ ಬಂದಾಗ ಗಾಜು ಮತ್ತು ಪರದೆಯನ್ನು ಒಂದಾಗಿ ಬೆಸೆದು, ಫೋಮ್ ಅಂಟುಪಟ್ಟಿಯಿಂದ ಚೌಕಟ್ಟಿಗೆ ಅಂಟಿಸಿಬಿಟ್ಟರು. ನಿಮ್ಮದು ಈ ಸಾಲಿನದು. ಪರದೆಯ ಅಂಚಿನ ಸಂದಿಯಲ್ಲಿ ಚಪ್ಪಟೆ ಚಕ್ರದಂಥ ಪ್ಲಾಸ್ಟಿಕ್ ಸಾಧನವನ್ನು ಓಡಿಸುತ್ತ ಆ ಫೋಮನ್ನು ಕೊಯ್ಯಬೇಕು. ಬಿಟ್ಟುಕೊಂಡಿತೆಂದು ಪರದೆಯನ್ನು ಪೂರ್ತಿ ಎಳೆದರೆ ಹಿಂದಿನ ಎರಡು ಕೇಬಲ್‌ಗಳು ಹರಿಯುತ್ತವೆ. ಒಮ್ಮೆ ಕೊಯ್ದ ಅಂಟು ಮತ್ತೆ ಕೆಲಸಕ್ಕೆ ಬಾರದು, ಹೊಸ ಪಟ್ಟಿಗಳನ್ನು ಅಳತೆಗೆ ಸರಿಯಾಗಿ ಅಂಟಿಸಬೇಕು. ವಿದ್ಯುತ್ತನ್ನು ಪರಿವರ್ತಿಸುವ ಪವರ್ ಸಪ್ಲೈ ಕೂಡ ಒಳಗೇ ಇದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ, ಬೆರಳು ತಾಗಬಾರದು. ಅಭ್ಯಾಸವಿದ್ದವರಿಗೆ ಇದೆಲ್ಲ ಗಂಟೆಯ ಕೆಲಸ. ಆದರೆ ಜವಾಬ್ದಾರಿ ನಿಮ್ಮದೇ ಎಂದು ಮೊದಲೇ ಕೈ ತೊಳೆದುಕೊಂಡವರಿಗೆ ಒಪ್ಪಿಸುವ ಕೆಲಸವಲ್ಲ.

ನಿಮ್ಮ 2017ರ ಯಂತ್ರದ ಹಿಂಬದಿಯಲ್ಲಿ ಎರಡು ಥಂಡರ್‌ಬೋಲ್ಟ್ 3 ಪೋರ್ಟುಗಳಿವೆ. ಸೆಕೆಂಡಿಗೆ 40 ಗಿಗಾಬಿಟ್ ಸಾಮರ್ಥ್ಯದವು. ಅದೇ ಪೋರ್ಟುಗಳು ಯುಎಸ್‌ಬಿ-ಸಿ ಸಾಧನಗಳಿಗೆ 10 ಗಿಗಾಬಿಟ್ ವೇಗ ಕೊಡುತ್ತವೆ. ಒಳಗಿನ ಡಿಸ್ಕಿನ ಜಾಗದಲ್ಲಿ ಸಾಟಾ ಎಸ್‌ಎಸ್‌ಡಿ ಕೂರಿಸಿದರೆ ಸಿಗುವುದು ಹೆಚ್ಚೆಂದರೆ 6 ಗಿಗಾಬಿಟ್. ಅಂದರೆ ಹೊರಗಿನಿಂದ ಸಿಕ್ಕಿಸುವ ಸಾಧಾರಣ ಯುಎಸ್‌ಬಿ-ಸಿ ಎಸ್‌ಎಸ್‌ಡಿಯೇ ಒಳಗಿನದಕ್ಕಿಂತ ಚುರುಕಾಗಿರುತ್ತದೆ. ಗಾಜು ಕೊಯ್ದು ಗಳಿಸುವುದೇನೂ ಇಲ್ಲ. 1 ಟಿಬಿಯ ಒಂದು ಹೊರ ಎಸ್‌ಎಸ್‌ಡಿ ತಂದು, ಮ್ಯಾಕ್‌ನದೇ ಕಡತ ವ್ಯವಸ್ಥೆಯಾದ ಎಪಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಅದರ ಮೇಲೆ ಮ್ಯಾಕ್ ಓಎಸ್ ಸ್ಥಾಪಿಸಿ, ಸೆಟ್ಟಿಂಗ್ಸ್‌ನ ಸ್ಟಾರ್ಟಪ್ ಡಿಸ್ಕ್ ವಿಭಾಗದಲ್ಲಿ ಅದನ್ನೇ ಆರಿಸಿ. ಟಿ2 ಎಂಬ ಭದ್ರತಾ ಚಿಪ್ ಇರುವ 2020ರ ಐಮ್ಯಾಕ್‌ನಂತೆ ಹೊರ ಡಿಸ್ಕಿನಿಂದ ಶುರುಮಾಡಲು ಮೊದಲೇ ಅನುಮತಿ ಕೊಡುವ ತಾಪತ್ರಯ ನಿಮ್ಮದರಲ್ಲಿಲ್ಲ. ಎಸ್‌ಎಸ್‌ಡಿಯನ್ನು ಹಿಂಬದಿಯ ಯುಎಸ್‌ಬಿ-ಸಿ ಪೋರ್ಟಿಗೇ ಸಿಕ್ಕಿಸಿ. ಪಕ್ಕದ ಹಳೆಯ ಆಯತಾಕಾರದ ಯುಎಸ್‌ಬಿಗೆ ಹಾಕಿದರೆ ವೇಗ 5 ಗಿಗಾಬಿಟ್ಟಿಗೆ ಇಳಿಯುತ್ತದೆ. ಕೇಬಲ್ ಚಿಕ್ಕದಿರಲಿ. ಸ್ಟ್ಯಾಂಡಿನ ಹಿಂದೆ ಡಬಲ್ ಟೇಪಿನಿಂದ ಅಂಟಿಸಿಬಿಟ್ಟರೆ ಧೂಳು ಒರೆಸುವವರ ಕೈ ತಾಗಿ ಕೇಬಲ್ ಕಳಚುವ ಭಯವೂ ಇಲ್ಲ. ನಡೆಯುತ್ತಿರುವಾಗ ಶುರುವಿನ ಡಿಸ್ಕ್ ಕಳಚಿದರೆ ಯಂತ್ರ ಅಲ್ಲಿಗೇ ಸ್ತಬ್ಧವಾಗುತ್ತದೆಂಬುದು ಈ ಏರ್ಪಾಡಿನ ಒಂದೇ ದೊಡ್ಡ ದೋಷ. ಒಳಗಿನ ಹಾರ್ಡ್ ಡಿಸ್ಕನ್ನು ಮುಗಿದ ಮದುವೆಗಳ ಫೋಟೊ ಇಡುವ ಅಟ್ಟವನ್ನಾಗಿ ಬಳಸಿಕೊಳ್ಳಿ.

ಒಂದು ವಾಸ್ತವವನ್ನೂ ಹೇಳಿಬಿಡುತ್ತೇನೆ. 2017ರ ಐಮ್ಯಾಕ್‌ಗೆ ಆ್ಯಪಲ್ ಕೊಟ್ಟ ಕೊನೆಯ ಮ್ಯಾಕ್ ಓಎಸ್ ವೆಂಚುರಾ. ಆದ್ದರಿಂದ ಈ ಯಂತ್ರದ ಹೊಟ್ಟೆಯೊಳಗೆ ಹಣ ಹಾಕುವುದಕ್ಕಿಂತ, ನಾಳೆ ಯಾವ ಹೊಸ ಯಂತ್ರಕ್ಕೂ ಸಿಕ್ಕಿಸಬಹುದಾದ ಹೊರಗಿನ ಎಸ್‌ಎಸ್‌ಡಿಗೆ ಹಾಕುವುದೇ ಲೇಸು.

ಪ್ರಶ್ನೆ: ಅಪ್ಪ, ಅಮ್ಮನಿಗೆ ಉಡುಪಿಯ ಮನೆಗೆ 2021ರ ಎಂ1 ಐಮ್ಯಾಕ್ ಕೊಡಿಸಿದ್ದೆ. 256 ಜಿಬಿ ತುಂಬಿಹೋಗಿದೆ. ಅದನ್ನು ಊರಲ್ಲೇ 1 ಟಿಬಿಗೆ ಏರಿಸಬಹುದೇ?
– ಓದುಗರು, ದುಬೈ

ಉತ್ತರ: ಆಗದು. ಎಂ1 ಐಮ್ಯಾಕ್‌ನಲ್ಲಿ ಸಂಗ್ರಹದ ಚಿಪ್‌ಗಳನ್ನು ಬೋರ್ಡಿಗೇ ಬೆಸೆದಿದ್ದಾರೆ, ಕಿತ್ತು ಬದಲಿಸುವ ಡಿಸ್ಕ್ ಎಂಬುದೇ ಅಲ್ಲಿಲ್ಲ. ಮುಂದೆ ಬಂದ ಎಂ3, ಎಂ4 ಐಮ್ಯಾಕ್‌ಗಳ ಕತೆಯೂ ಅದೇ, ಕೊಳ್ಳುವ ದಿನ ಆರಿಸಿದ್ದೇ ಕೊನೆಯವರೆಗೆ. ಹಿರಿಯರ ಯಂತ್ರದಲ್ಲಿ ಜಾಗ ತಿನ್ನುವುದು ಸಾಮಾನ್ಯವಾಗಿ ಮೊಮ್ಮಕ್ಕಳ ಫೋಟೊ ಮತ್ತು ವಿಡಿಯೊ. ಮುಂದಿನ ಸಲ ಊರಿಗೆ ಬಂದಾಗ ಒಂದು ಹೊರ ಎಸ್‌ಎಸ್‌ಡಿ ತಂದು, ಎಪಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಪಿಕ್ಚರ್ಸ್ ಫೋಲ್ಡರಿನಲ್ಲಿರುವ ಫೋಟೊಸ್ ಲೈಬ್ರರಿಯನ್ನು ಅದಕ್ಕೆ ನಕಲು ಮಾಡಿ, ಆಪ್ಷನ್ ಕೀಲಿ ಒತ್ತಿಹಿಡಿದು ಫೋಟೊಸ್ ತೆರೆದು ಹೊಸ ಜಾಗದ ಲೈಬ್ರರಿಯನ್ನು ಆರಿಸಿ. ನಾಲ್ಕು ದಿನ ಎಲ್ಲ ಸರಿ ಇದೆಯೆಂದು ನೋಡಿದ ಮೇಲೆ ಒಳಗಿನದನ್ನು ಅಳಿಸಿ. ವಿಂಡೋಸ್‌ಗೂ ಆಗಲೆಂದು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಆ ಲೈಬ್ರರಿಯನ್ನು ಇಡಬಾರದು.

ಪ್ರಶ್ನೆ: ಹಳೆಯ ಡಿಸ್ಕನ್ನು ಹಾಗೆಯೇ ಕ್ಲೋನ್ (ಪೂರ್ತಿ ಪಡಿಯಚ್ಚು) ಮಾಡುವುದು ಒಳ್ಳೆಯದೋ, ವಿಂಡೋಸನ್ನು ಹೊಸದಾಗಿ ಹಾಕುವುದೋ? ನನ್ನ ಯಂತ್ರದಲ್ಲಿ ಟ್ಯಾಲಿ ಇದೆ, ಗಿರಾಕಿಗಳ ಹತ್ತು ವರ್ಷದ ಲೆಕ್ಕ ಇದೆ. ಡಿಜಿಟಲ್ ಸಹಿಗೆ ತೊಂದರೆಯಾಗುತ್ತದೆಯೇ?
– ತೆರಿಗೆ ಸಲಹೆಗಾರರು, ಹುಬ್ಬಳ್ಳಿ

ಉತ್ತರ: ನಿಮ್ಮಂಥವರಿಗೆ ಕ್ಲೋನ್ ಸರಿ. ಆದರೆ ಡಿಸ್ಕ್ ಆರೋಗ್ಯವಾಗಿದ್ದರೆ ಮಾತ್ರ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯನ್ನು ತೋರಿಸುವ ಯಾವುದಾದರೂ ಉಚಿತ ತಂತ್ರಾಂಶದಲ್ಲಿ ‘ರೀಅಲೊಕೇಟೆಡ್’ ಮತ್ತು ‘ಪೆಂಡಿಂಗ್’ ಸೆಕ್ಟರ್‌ಗಳ, ಅಂದರೆ ಕೆಟ್ಟ ಮತ್ತು ಕೆಡುತ್ತಿರುವ ತುಣುಕುಗಳ, ಲೆಕ್ಕ ಸೊನ್ನೆ ಇದೆಯೇ ನೋಡಿ. ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದರ್ಥ. ಗಂಟೆಗಟ್ಟಲೆ ಅದನ್ನು ಉಜ್ಜುವ ಕ್ಲೋನಿಗೆ ಹೋಗದೆ ಮೊದಲು ಟ್ಯಾಲಿಯ ಡೇಟಾ ಫೋಲ್ಡರನ್ನೂ ದಾಖಲೆಗಳನ್ನೂ ಬೇರೆಡೆಗೆ ನಕಲು ಮಾಡಿಕೊಳ್ಳಿ.

ಡಿಸ್ಕ್ ಚೆನ್ನಾಗಿದ್ದರೂ ಆ ನಕಲು ಮೊದಲೇ ಆಗಬೇಕು. ಕ್ಲೋನ್ ಮಾಡುವಾಗ ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಖಾಲಿ ಎಸ್‌ಎಸ್‌ಡಿಯ ಖಾಲಿತನ ನಿಮ್ಮ ಹತ್ತು ವರ್ಷದ ಲೆಕ್ಕದ ಮೇಲೆ ಕೂರುತ್ತದೆ. ಎರಡೂ 1 ಟಿಬಿ ಆಗಿದ್ದರೆ ಈ ತಪ್ಪು ಸುಲಭ. ತಂತ್ರಾಂಶದಲ್ಲಿ ಗಾತ್ರ ನೋಡಿ ಗುರುತಿಸದೆ, ಡಿಸ್ಕಿನ ಮಾದರಿ ಹೆಸರನ್ನು ಓದಿ ಗುರುತಿಸಿ. ಆಲ್-ಇನ್-ಒನ್‌ನಲ್ಲಿ ಲ್ಯಾಪ್‌ಟಾಪಿನಂತೆ ಬ್ಯಾಟರಿ ಇಲ್ಲ ಎಂಬುದನ್ನೂ ಮರೆಯಬೇಡಿ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗುವ ಹೊತ್ತಿನಲ್ಲಿ ಕ್ಲೋನ್ ಶುರುಮಾಡಬೇಡಿ.

ಕ್ಲೋನಿಗೆ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ಆನ್ ಆಗಿದೆಯೇ ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಯಂತ್ರಗಳಲ್ಲಿ ಮಾಲೀಕರಿಗೆ ಅರಿವಿಲ್ಲದೆಯೇ ಅದು ಆನ್ ಆಗಿರುತ್ತದೆ. ಆನ್ ಇದ್ದರೆ ಆಫ್ ಮಾಡಿ, ಪೂರ್ತಿ ಬಿಡಿಸಿಕೊಳ್ಳುವವರೆಗೆ ಕಾಯಿರಿ. 48 ಅಂಕಿಗಳ ರಿಕವರಿ ಕೀಯನ್ನು ಖಾತೆಯಿಂದ ನೋಡಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಟ್ಯಾಲಿಯ ಪರವಾನಗಿಯನ್ನು ಅದರ ಮೆನುವಿನಿಂದಲೇ ಸರೆಂಡರ್ ಮಾಡಿ, ಹೊಸ ಡಿಸ್ಕ್ ಬಂದ ಮೇಲೆ ಮತ್ತೆ ಸಕ್ರಿಯಗೊಳಿಸಿದರೆ ಜಗಳವಿಲ್ಲ. ಡಿಜಿಟಲ್ ಸಹಿ ನಿಮ್ಮ ಯುಎಸ್‌ಬಿ ಟೋಕನ್ನಿನೊಳಗಿದೆ, ಡಿಸ್ಕಿಗೂ ಅದಕ್ಕೂ ಸಂಬಂಧವಿಲ್ಲ. ಟೋಕನ್ನಿನ ಡ್ರೈವರ್ ಇದ್ದರಾಯಿತು. ವಿಂಡೋಸ್‌ನ ಡಿಜಿಟಲ್ ಪರವಾನಗಿಯೂ ಮದರ್‌ಬೋರ್ಡಿಗೆ ಅಂಟಿರುವಂಥದ್ದು, ಡಿಸ್ಕ್ ಬದಲಿಸಿದರೆ ಹೋಗುವುದಿಲ್ಲ.

ಹೊಸ ಎಸ್‌ಎಸ್‌ಡಿ ಕೂರಿಸಿ ಮೊದಲ ಸಲ ಸ್ವಿಚ್ ಹಾಕುವಾಗ ಹಳೆಯ ಡಿಸ್ಕ್ ಯಂತ್ರಕ್ಕೆ ಸಿಕ್ಕಿರಬಾರದು. ಒಂದೇ ಗುರುತಿನ ಎರಡು ಡಿಸ್ಕ್ ಕಂಡರೆ ವಿಂಡೋಸ್ ಒಂದನ್ನು ಬದಿಗೊತ್ತುತ್ತದೆ, ಯಾವುದರಿಂದ ಶುರುವಾಗಿದೆ ಎಂಬ ಗೊಂದಲ ನಿಮಗೂ ಉಳಿಯುತ್ತದೆ. ಚಿಕ್ಕ ಡಿಸ್ಕಿನಿಂದ ದೊಡ್ಡದಕ್ಕೆ ಕ್ಲೋನ್ ಮಾಡಿದಾಗ ಉಳಿದ ಜಾಗ ಸಿ ಡ್ರೈವಿಗೆ ಸೇರದಿದ್ದರೆ, ನಡುವೆ ಕುಳಿತ ರಿಕವರಿ ವಿಭಾಗ ಅಡ್ಡಿಯಾಗಿರುತ್ತದೆ. ಒಳ್ಳೆಯ ಕ್ಲೋನ್ ತಂತ್ರಾಂಶಗಳು ಅದನ್ನು ತುದಿಗೆ ಸರಿಸುವ ಆಯ್ಕೆ ಕೊಡುತ್ತವೆ.

ಪ್ರಶ್ನೆ: 1 ಟಿಬಿ ಎಸ್‌ಎಸ್‌ಡಿ ಹಾಕಿಸಿದೆ, 931 ಜಿಬಿ ಎಂದು ತೋರಿಸುತ್ತಿದೆ. ಅಂಗಡಿಯವರು ಮೋಸ ಮಾಡಿದರೇ?
– ಓದುಗರು, ಬೆಳಗಾವಿ

ಉತ್ತರ: ಇಲ್ಲ. ಕಂಪನಿಯ ಲೆಕ್ಕದಲ್ಲಿ 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ ಅದನ್ನು ಸಾವಿರದ ಬದಲು 1024ರಿಂದ ಮೂರು ಸಲ ಭಾಗಿಸಿ ಜಿಬಿ ಎಂದು ಬರೆಯುತ್ತದೆ. ಮ್ಯಾಕ್‌ಗಳು 2009ರಿಂದ ಸಾವಿರದ ಲೆಕ್ಕವನ್ನೇ ಹಿಡಿದಿರುವುದರಿಂದ ಅದೇ ಎಸ್‌ಎಸ್‌ಡಿಯನ್ನು 1 ಟಿಬಿ ಎಂದೇ ತೋರಿಸುತ್ತವೆ.

ಪ್ರಶ್ನೆ: ಎಸ್‌ಎಸ್‌ಡಿಗೆ ಬರೆದಷ್ಟೂ ಸವೆಯುತ್ತದೆಯಂತೆ. ಹಾಗಿದ್ದರೆ ಹಾರ್ಡ್ ಡಿಸ್ಕೇ ವಾಸಿಯಲ್ಲವೇ? ತೆಗೆದ ಹಳೆಯ ಡಿಸ್ಕನ್ನು ಏನು ಮಾಡಬೇಕು?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಸವೆಯುವುದು ನಿಜ, ಆದರೆ ಲೆಕ್ಕ ಹಾಕಿ ನೋಡಿ. ಸ್ಯಾಮ್‌ಸಂಗ್‌ 870 ಇವಿಒ 1 ಟಿಬಿ ಮಾದರಿಗೆ ಕಂಪನಿ ಕೊಟ್ಟಿರುವ ಬರವಣಿಗೆಯ ಮಿತಿ 600 ಟಿಬಿ. ನೀವು ದಿನಕ್ಕೆ 30 ಜಿಬಿ ಬರೆದರೂ ಆ ಮಿತಿ ಮುಟ್ಟಲು 20,000 ದಿನ, ಅಂದರೆ ಸುಮಾರು 55 ವರ್ಷ ಬೇಕು. ಅಷ್ಟರೊಳಗೆ ಆ ಆಲ್-ಇನ್-ಒನ್‌ನ ಪರದೆ, ಬೋರ್ಡು, ಕೊನೆಗೆ ಮೇಜೂ ಉಳಿದಿರಲಾರದು. ಎಸ್‌ಎಸ್‌ಡಿಯ ನಿಜವಾದ ದೌರ್ಬಲ್ಯ ಬೇರೆ. ವಿದ್ಯುತ್ ಕೊಡದೆ ಬಹುಕಾಲ ಬಿಟ್ಟರೆ ಅದರ ಕೋಶಗಳಲ್ಲಿನ ವಿದ್ಯುದಂಶ ನಿಧಾನವಾಗಿ ಸೋರುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ. ಬರವಣಿಗೆಯ ಮಿತಿ ಮುಟ್ಟಿದ ಮನೆಬಳಕೆಯ ಎಸ್‌ಎಸ್‌ಡಿ, ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಡಬೇಕು ಎಂಬುದು ಚಿಪ್ ಉದ್ಯಮದ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸತರಲ್ಲಿ ಅದಕ್ಕಿಂತ ಹೆಚ್ಚು ಕಾಲ ಉಳಿದರೂ, ಬರೆದು ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಮರೆಯುವ ಕೆಲಸಕ್ಕೆ ಹಾರ್ಡ್ ಡಿಸ್ಕೇ ಮೇಲು.

ಹಳೆಯ ಡಿಸ್ಕನ್ನು ಎಸೆಯಬೇಡಿ ಎನ್ನುವುದೂ ಅದಕ್ಕಾಗಿಯೇ. ಒಂದು ತಿಂಗಳು ಅದನ್ನು ಅಳಿಸದೆ ಹಾಗೆಯೇ ಎತ್ತಿಡಿ. ಹೊಸದರಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅದು ಗೊತ್ತಾಗುವುದು ಪರೀಕ್ಷೆಯ ಹಿಂದಿನ ರಾತ್ರಿಯೇ. ಆಮೇಲೆ 2.5 ಇಂಚಿನ ಯುಎಸ್‌ಬಿ ಕೇಸಿನಲ್ಲಿ ಕೂರಿಸಿದರೆ ವಾರಕ್ಕೊಮ್ಮೆ ಬ್ಯಾಕಪ್ ತೆಗೆದುಕೊಳ್ಳಲು 1 ಟಿಬಿ ಸಿಕ್ಕಿತು. ಮಾರುವುದಾದರೆ ಅಥವಾ ಗುಜರಿಗೆ ಹಾಕುವುದಾದರೆ ಮಾತ್ರ ಫೋಟೊಗಳನ್ನು ಡಿಲೀಟ್ ಮಾಡಿದ್ದೇನೆ, ಕ್ವಿಕ್ ಫಾರ್ಮ್ಯಾಟ್ ಮಾಡಿದ್ದೇನೆ ಎಂದು ಸಮಾಧಾನಪಡಬೇಡಿ. ಅವೆರಡೂ ಅಳಿಸುವುದು ಪುಸ್ತಕದ ಪರಿವಿಡಿಯನ್ನೇ ಹೊರತು ಪುಟಗಳನ್ನಲ್ಲ, ಉಚಿತ ತಂತ್ರಾಂಶವೊಂದು ಸಾಕು ಅವನ್ನು ಮರಳಿ ತೆಗೆಯಲು. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲಿ ‘ಕ್ವಿಕ್’ ಎಂಬ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಕೊಡಿ. 1 ಟಿಬಿಗೆ ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಮಲಗುವ ಮುನ್ನ ಶುರುಮಾಡಿ.